ನವೆಂಬರಿನ ಮರಳು

ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಲ್ಲಿ ಬೀಚಿಗೆ ಇಳಿಯುವ ದಾರಿಯ ಬಾಯಲ್ಲೆಲ್ಲ ಒಂದು ಬೋರ್ಡು ಇರುತ್ತದೆ. ನಾಯಿಯ ಚಿತ್ರ, ಅದರ ಮೇಲೊಂದು ಕೆಂಪು ಗೆರೆ, ಕೆಳಗೆ ತಾರೀಖು. ಒಂದೊಂದು ಊರಿನ ತಾರೀಖು ಒಂದೊಂದು. ಆದರೆ ಹೆಚ್ಚಿನ ಕಡೆ ಬೇಸಿಗೆ ಮುಗಿಯುವವರೆಗೆ ನಾಯಿ ಮರಳಿಗೆ ಕಾಲಿಡುವ ಹಾಗಿಲ್ಲ. ಸೆಪ್ಟೆಂಬರ್ ಕಳೆದು, ಲೈಫ್‌ಗಾರ್ಡುಗಳು ಬಾವುಟ ಸುತ್ತಿಟ್ಟು ಹೋಗಿ, ಐಸ್‌ಕ್ರೀಮ್ ಅಂಗಡಿಗೆ ಹಲಗೆ ಬಡಿದ ಮೇಲೆ ಬೋರ್ಡು ಅಲ್ಲೇ ಉಳಿಯುತ್ತದೆ, ನಿಷೇಧ ಮಾತ್ರ ಇರುವುದಿಲ್ಲ. ನಮ್ಮ ತಿರುಗಾಟದ ವರ್ಷ ಶುರುವಾಗುವುದು ಆಗ.

ನಾವಿರುವುದು ತುಲೂಜ್‌ನಲ್ಲಿ. ವಿಮಾನ ಕಟ್ಟುವ ಊರು. ಬೆಂಗಳೂರಿನಿಂದ ಕೆಲಸದ ಮೇಲೆ ಬಂದು ಇಲ್ಲೇ ನಿಂತುಬಿಟ್ಟ ಕನ್ನಡದವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ನನ್ನ ಊರು ಕುಂದಾಪುರದ ಹತ್ತಿರ. ಮಳೆಗಾಲದ ರಾತ್ರಿ ಕಡಲಿನ ಮೊರೆತ ಕೇಳುತ್ತ ನಿದ್ದೆಹೋಗಿ ಬೆಳೆದವರಿಗೆ ಕಡಲಿಲ್ಲದ ಊರಿನಲ್ಲಿ ಏನೋ ಒಂದು ಕಡಿಮೆ ಅನಿಸುತ್ತಲೇ ಇರುತ್ತದೆ. ಹಾಗಾಗಿ ಹಳೆಯ ಕ್ಯಾಂಪರ್‌ವ್ಯಾನ್ ಒಂದನ್ನು ಕೊಂಡೆವು. ಒಂದು ಹಾಸಿಗೆ, ಎರಡು ಒಲೆ, ನೀರಿನ ಟ್ಯಾಂಕು, ಹಿಂದಿನ ಬಾಗಿಲ ಬಳಿ ನಾಯಿಗೊಂದು ಚಾಪೆ. ಪಶ್ಚಿಮಕ್ಕೆ ಮೂರು ಗಂಟೆ ಓಡಿಸಿದರೆ ಅಟ್ಲಾಂಟಿಕ್.

ನಾಯಿಯ ಹೆಸರು ಚುಕ್ಕಿ. ಈ ಸೀಮೆಯದೇ ತಳಿ, ಗ್ಯಾಸ್ಕನಿಯ ನೀಲಿ ಬೇಟೆನಾಯಿ. ಬಿಳಿ ಮೈಮೇಲೆ ಕಪ್ಪು ಚುಕ್ಕೆ ಒತ್ತೊತ್ತಾಗಿ ಕೂಡಿ ದೂರದಿಂದ ನೀಲಿ ಕಾಣುತ್ತದೆ. ಮೊಣಕಾಲು ಮುಟ್ಟುವ ಕಿವಿ, ಹೊಟ್ಟೆಯಾಳದಿಂದ ಬರುವ ದನಿ. ಬೇಟೆಗೆ ಒದಗದ ನಾಯಿಯನ್ನು ಋತು ಮುಗಿದ ಕೂಡಲೇ ಎಲ್ಲಾದರೂ ಬಿಟ್ಟುಬರುವ ಕೆಟ್ಟ ರೂಢಿ ಈ ದೇಶದಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಅವಳು ನಮಗೆ ಸಿಕ್ಕಿದ್ದು ಅಂಥ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಆಶ್ರಯದಲ್ಲಿ. ಬಂದೂಕಿನ ಸದ್ದಿಗೆ ಈಗಲೂ ಮೈ ಬಿಗಿಹಿಡಿಯುತ್ತಾಳೆ. ಅಲೆಯ ಸದ್ದಿಗೆ ಮಾತ್ರ ಮೊದಲ ದಿನದಿಂದಲೂ ಬಾಲ ಎತ್ತಿದವಳೇ.

ಜಿರೋಂದ್ ಅಳಿವೆಯಿಂದ ದಕ್ಷಿಣಕ್ಕೆ ಅದೂರ್ ನದಿಯ ಬಾಯಿವರೆಗೆ ಸುಮಾರು 230 ಕಿ.ಮೀ. ಬರೀ ಮರಳು. ಬಂಡೆಯಿಲ್ಲ, ಕೊಲ್ಲಿಯಿಲ್ಲ, ನಡುವೆ ಆರ್ಕಶೋಂ ಹಿನ್ನೀರು ಒಂದು ಬಿಟ್ಟರೆ ದಡ ನೆಟ್ಟಗೆ ಹೋಗುತ್ತದೆ. ಮೋರಿಸ್ ಮಾರ್ತೆಂ ಎಂಬ ಬೋರ್ದೋ ಪತ್ರಕರ್ತ 1905ರಲ್ಲಿ ಇದಕ್ಕೆ ಬೆಳ್ಳಿ ಕರಾವಳಿ ಎಂದು ಹೆಸರಿಟ್ಟ. ಹೆಸರು ನಿಂತಿತು, ಪ್ರವಾಸಿಗರು ಬಂದರು. ಆಗಸ್ಟಿನಲ್ಲಿ ಇಲ್ಲಿ ಟವಲ್ ಹಾಸಲು ಜಾಗ ಹುಡುಕಬೇಕು. ನವೆಂಬರಿನಲ್ಲಿ ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಒಂದು ಕೊಡೆಯೂ ಕಾಣುವುದಿಲ್ಲ.

ಆಫ್ ಸೀಸನ್ ಎನ್ನುವುದು ಹೋಟೆಲಿನವರ ಲೆಕ್ಕ. ಕಡಲಿಗೆ ಇದು ದುಡಿಮೆಯ ಕಾಲ. ಚಳಿಗಾಲದ ಎತ್ತರದ ಅಲೆಗಳು ದಡದ ಮರಳನ್ನು ಕೆರೆದು ಒಳಗೊಯ್ದು ನೀರಿನಡಿಯಲ್ಲಿ ದಿಣ್ಣೆ ಕಟ್ಟುತ್ತವೆ. ಬೇಸಿಗೆಯ ಸಣ್ಣ ಅಲೆಗಳು ಅದನ್ನೇ ನಿಧಾನವಾಗಿ ತಂದು ದಡಕ್ಕೆ ಹಚ್ಚುತ್ತವೆ. ಜುಲೈನಲ್ಲಿ ಬಂದವರು ನೋಡುವುದು ಮುಗಿದ ಕೆಲಸವನ್ನು. ಕೆಲಸ ನಡೆಯುವಾಗ ನೋಡಬೇಕೆಂದರೆ ಚಳಿಗೆ ಸ್ವೆಟರ್ ಹಾಕಿಕೊಂಡೇ ಬರಬೇಕು. ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಜೂನ್, ಜುಲೈ ದೋಣಿಗಳು ದಡಕ್ಕೇರಿ, ಪ್ರವಾಸಿಗರು ಬರುವುದು ನಿಂತು, ಬೀಚಿಗೆ ಹಗ್ಗ ಕಟ್ಟುವ ದಿನಗಳಲ್ಲೇ ಅಲ್ಲವೇ ಕಡಲು ತನ್ನ ನಿಜವಾದ ಬಲ ತೋರಿಸುವುದು?

ಈ ಕರಾವಳಿಯ ಉತ್ತರದ ತುದಿ ಸುಲಾಕ್. ನಮ್ಮ ಪಯಣಗಳನ್ನು ಅಲ್ಲಿಂದ ಶುರುಮಾಡುವುದು ನನಗೆ ಇಷ್ಟ, ಏಕೆಂದರೆ ಉಳಿದ ದಾರಿಯುದ್ದಕ್ಕೂ ಏನು ನೋಡಲಿದ್ದೇವೆ ಎಂಬುದನ್ನು ಆ ಪುಟ್ಟ ಊರು ಮೊದಲೇ ಹೇಳಿಬಿಡುತ್ತದೆ. ಊರ ನಡುವೆ ಸ್ಪೇನಿನ ಸಾಂತಿಯಾಗೊಗೆ ಹೋಗುವ ಯಾತ್ರಿಕರ ಹಳೆಯ ಬಸಿಲಿಕಾ ಇದೆ. 18ನೇ ಶತಮಾನದಲ್ಲಿ ಗಾಳಿ ತಂದ ಮರಳು ಅದನ್ನು ಹೂತು, ಜನ ಕೈಬಿಟ್ಟು ಹೋದರು. ಮುಂದಿನ ಶತಮಾನದಲ್ಲಿ ಅಗೆದು ತೆಗೆದರು. ಇವತ್ತಿಗೂ ಒಳಗೆ ಹೋಗಲು ಕೆಳಗೆ ಇಳಿಯಬೇಕು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಕಡಲ ಮುಂದೆ, ‘ಲ ಸಿನ್ಯಾಲ್’ ಎಂಬ ಅಪಾರ್ಟ್‌ಮೆಂಟ್ ಇತ್ತು. 1960ರ ದಶಕದ ಕೊನೆಯಲ್ಲಿ ಕಟ್ಟಿದಾಗ ಬಾಲ್ಕನಿಯಿಂದ ನೀರಿಗೆ ಸುಮಾರು 200 ಮೀಟರ್. 2014ರ ಚಳಿಗಾಲದ ಬಿರುಗಾಳಿಗಳ ಹೊತ್ತಿಗೆ ಕಡಲು ಬುಡಕ್ಕೇ ಬಂದಿತ್ತು. 78 ಮನೆಗಳನ್ನು ಖಾಲಿ ಮಾಡಿಸಿದರು. ಪರಿಹಾರಕ್ಕಾಗಿ ಮನೆಯವರು ವರ್ಷಗಟ್ಟಲೆ ಹೋರಾಡಬೇಕಾಯಿತು. 2023ರ ಫೆಬ್ರುವರಿಯಲ್ಲಿ ಕಟ್ಟಡ ಕೆಡವಿದರು. ಈಗ ಅಲ್ಲಿ ಮರಳು, ಮರಳಿನ ಮೇಲೆ ಹುಲ್ಲು.

ಒಂದೇ ಊರಿನಲ್ಲಿ ಮರಳು ದೇವಸ್ಥಾನ ಮುಚ್ಚಿತು, ಕಡಲು ಮನೆ ಕಿತ್ತುಕೊಂಡಿತು. ಉಳ್ಳಾಲದ ಕಡಲ್ಕೊರೆತ ನೋಡಿದವರಿಗೆ ಆ ಖಾಲಿ ಜಾಗದ ಮುಂದೆ ನಿಂತಾಗ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ನಮ್ಮಲ್ಲಿ ಪ್ರತಿ ಮಳೆಗಾಲಕ್ಕೂ ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತೇವೆ. ಇಲ್ಲಿಯೂ ಕಲ್ಲು ಸುರಿಯುತ್ತಾರೆ, ಆದರೆ ಈಗ ಹಿಂದೆ ಸರಿಯುವ ಮಾತನ್ನೂ ಗಟ್ಟಿಯಾಗಿಯೇ ಆಡುತ್ತಿದ್ದಾರೆ: ರಸ್ತೆ, ಪಾರ್ಕಿಂಗ್, ಅಂಗಡಿ, ಎಲ್ಲವನ್ನೂ ಒಳಗೆ ಎಳೆದುಕೊಳ್ಳುವುದು. ಹೇಳುವುದು ಸುಲಭ. ಅಜ್ಜನ ಕಾಲದ ಮನೆ ಬಿಟ್ಟು ಬರುವವರ ಮುಖ ನೋಡಿದರೆ ಅದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಆದರೂ ಕಡಲಿಗೆ ಜಾಗ ಬಿಟ್ಟುಕೊಡುವುದೇ ಮರ್ಯಾದೆಯ ದಾರಿ ಎಂದು ಇಲ್ಲಿ ತಿರುಗಾಡುತ್ತ ತಿರುಗಾಡುತ್ತ ನನಗೆ ಅನಿಸತೊಡಗಿದೆ.

ಸುಲಾಕ್‌ನಿಂದ ತಿಳಿಯಾದ ದಿನ ಕೊರ್ದುವಾಂ ದೀಪಸ್ತಂಭ ಕಾಣುತ್ತದೆ. ಅಳಿವೆಯ ಬಾಯಲ್ಲಿ, ನೀರಿನ ನಡುವೆ, 1611ರಿಂದ ನಿಂತಿದೆ. ಅದನ್ನು ಕಟ್ಟಲು ಶುರುಮಾಡಿದ ಲೂಯಿ ದ ಫುವಾ ಎಂಬ ಇಂಜಿನಿಯರನೇ ಈ ಕರಾವಳಿಯ ದಕ್ಷಿಣದ ತುದಿಯಲ್ಲಿ, 1578ರಲ್ಲಿ, ಅಲೆದಾಡುತ್ತಿದ್ದ ಅದೂರ್ ನದಿಗೆ ಕಾಲುವೆ ತೋಡಿ ಬಯೋನ್ ಪಟ್ಟಣದ ಮುಂದೆಯೇ ಕಡಲು ಸೇರುವಂತೆ ಮಾಡಿದವ. ಒಂದು ಆಯುಸ್ಸಿನಲ್ಲಿ ಒಬ್ಬ ಮನುಷ್ಯ ಕರಾವಳಿಯ ಎರಡು ತುದಿಗೂ ಗೂಟ ಹೊಡೆದು ಹೋದ. ನಡುವಿನದು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ.

ನಾಯಿಯೊಂದಿಗೆ ಈ ಮರಳಿನ ಮೇಲೆ ನಡೆಯುವವರು ಮೊದಲು ಕಲಿಯಬೇಕಾದದ್ದು ಭರತ-ಇಳಿತದ ಪಟ್ಟಿ ಓದುವುದು. ನಮ್ಮ ಕಡೆ ಭರತಕ್ಕೂ ಇಳಿತಕ್ಕೂ ಆಳೆತ್ತರದ ವ್ಯತ್ಯಾಸವೂ ಇರುವುದಿಲ್ಲ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ನಾಲ್ಕು ಮೀಟರಿನಷ್ಟು ಏರಿಳಿಯುತ್ತದೆ. ಫ್ರೆಂಚರು ಪ್ರತಿ ಭರತಕ್ಕೂ 20ರಿಂದ 120ರವರೆಗೆ ಒಂದು ಅಂಕ ಕೊಡುತ್ತಾರೆ. ಅಂಕ 40 ಇದ್ದ ದಿನ ನಿಶ್ಚಿಂತೆಯಿಂದ ನಡೆಯಬಹುದು. 100 ದಾಟಿದ ದಿನ, ಮೇಲಿಂದ ಪಡುಗಾಳಿಯೂ ಸೇರಿದರೆ, ನೀರು ದಡದ ಹಿಂದಿನ ಮರಳುದಿಬ್ಬದ ಬುಡ ಮುಟ್ಟುತ್ತದೆ. ಮರಳಿನ ಗೋಡೆಗೂ ನೀರಿಗೂ ನಡುವೆ ಸಿಕ್ಕಿದವರಿಗೆ ಹತ್ತಲು ದಾರಿ ಇರುವುದಿಲ್ಲ. ಹಾಗಾಗಿ ನಾವು ಯಾವಾಗಲೂ ಇಳಿತದ ಹೊತ್ತಿಗೆ ಸರಿಯಾಗಿ ಇಳಿಯುವುದು, ಹೋದ ಹೊತ್ತಿನಷ್ಟೇ ಹೊತ್ತು ತಿರುಗಿ ಬರಲು ಇಟ್ಟುಕೊಳ್ಳುವುದು.

ಇನ್ನೊಂದು ಅಪಾಯ ನೋಡಲು ತುಂಬ ಚೆಂದ. ಇಳಿತದಲ್ಲಿ ದಡಕ್ಕೂ ಹೊರಗಿನ ಮರಳ ದಿಣ್ಣೆಗೂ ನಡುವೆ ಉದ್ದುದ್ದ ಕೊಳಗಳು ಉಳಿಯುತ್ತವೆ. ಇಲ್ಲಿನವರು ‘ಬೈನ್’ ಎನ್ನುತ್ತಾರೆ. ಹೊರಗೆ ಅಲೆ ಅಪ್ಪಳಿಸುತ್ತಿರುವಾಗ ಒಳಗೆ ನೀರು ಕದಡದೆ, ಮೊಣಕಾಲಾಳದಲ್ಲಿ ಹಸಿರಾಗಿ ನಿಂತಿರುತ್ತದೆ. ಆದರೆ ಅಲೆ ದಿಣ್ಣೆ ದಾಟಿ ಒಳಗೆ ಸುರಿದ ನೀರೆಲ್ಲ ಮತ್ತೆ ಕಡಲಿಗೆ ಹೋಗಲೇಬೇಕಲ್ಲ? ಗದ್ದೆಯ ನೀರೆಲ್ಲ ಒಂದೇ ಕಟ್ಟೆಬಾಯಿಯಿಂದ ನುಗ್ಗುವ ಹಾಗೆ ಅದು ದಿಣ್ಣೆ ತಗ್ಗಿದ ಒಂದು ಕಡೆಯಿಂದ ಹೊರನುಗ್ಗುತ್ತದೆ. ಈಜು ಬಲ್ಲ ದೊಡ್ಡವರನ್ನೂ ಎಳೆದೊಯ್ಯುವ ಸೆಳೆತ. ಬೇಸಿಗೆಯಲ್ಲಿ ಲೈಫ್‌ಗಾರ್ಡುಗಳು ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ನವೆಂಬರಿನಲ್ಲಿ ಯಾರೂ ಇಲ್ಲ.

ಚುಕ್ಕಿ ಹತ್ತು ಮೀಟರಿನ ಉದ್ದ ಹಗ್ಗದಲ್ಲಿರುತ್ತಾಳೆ. ಬೈನ್ ಕಂಡರೆ ಮೊದಲು ನಿಲ್ಲುತ್ತಾಳೆ. ಮೂಗು ಕೆಳಗೆ, ಉದ್ದ ಕಿವಿ ಎರಡೂ ಒದ್ದೆ ಮರಳಿಗೆ ತಾಗಿ ಎರಡು ಗೆರೆ ಎಳೆಯುತ್ತವೆ. ಮುಂಗಾಲು ನೀರಿಗಿಟ್ಟು, ತೆಗೆದು, ಮತ್ತೆ ಇಡುತ್ತಾಳೆ. ನೀರು ಸದ್ದಿಲ್ಲದೆ ಒಂದು ಕಡೆಗೆ ಜಾರುತ್ತಿರುತ್ತದೆ. ನಮಗೆ ಕಾಣಿಸುವುದು ಅದರ ಮೇಲೆ ತೇಲುವ ನೊರೆಯ ಉಂಡೆ ಸರಿದುಹೋದಾಗ ಮಾತ್ರ. ಅವಳಿಗೆ ಅದು ಪಾದದಲ್ಲೇ ತಿಳಿಯುತ್ತದೆಯೋ ಏನೋ, ನೊರೆ ಹೋಗುವ ದಿಕ್ಕಿಗೆ ಕತ್ತು ತಿರುಗಿಸಿ ನೋಡುತ್ತಾಳೆ. ನಾನು ಹಗ್ಗ ಮೊಟಕು ಮಾಡಿ ಸುತ್ತಿಕೊಳ್ಳುತ್ತೇನೆ. ಅವಳ ತಿಳುವಳಿಕೆಯ ಮೇಲೆ ಪೂರ್ತಿ ಭಾರ ಹಾಕುವುದು ಸರಿಯಲ್ಲ.

ಭರತ ಬಿಟ್ಟುಹೋದ ಸಾಲಿನಲ್ಲಿ ಅವಳಿಗೆ ಗಂಟೆಗಟ್ಟಲೆ ಕೆಲಸ. ಕಟ್ಲ್‌ಫಿಶ್‌ನ ಬಿಳಿ ಮೂಳೆ, ತೊರಕೆಯ ಮೊಟ್ಟೆಯ ಕಪ್ಪು ಚೀಲ, ಕೊಂಬೆ, ಬಲೆಯ ಹಸಿರು ನೂಲು, ಕತ್ತುಳ್ಳ ಬಾರ್ನಕಲ್‌ಗಳು ಹತ್ತಿದ ದಿಮ್ಮಿ. ಪ್ಲಾಸ್ಟಿಕ್ ಇಲ್ಲದ ದಿನವಂತೂ ಇಲ್ಲ. 2002ರ ನವೆಂಬರಿನಲ್ಲಿ ಸ್ಪೇನಿನ ಗಲೀಸಿಯಾ ಮುಂದೆ ಮುಳುಗಿದ ‘ಪ್ರೆಸ್ಟೀಜ್’ ಹಡಗಿನ ಎಣ್ಣೆ ಉಂಡೆಯುಂಡೆಯಾಗಿ ಇದೇ ಮರಳಿಗೆ ಬಂದು ಬಿದ್ದಿತ್ತು. ಆ ಚಳಿಗಾಲದ ಮಾತು ಹಳಬರು ಈಗಲೂ ಎತ್ತುತ್ತಾರೆ. ಅಲೆಯ ಅಂಚಿನಲ್ಲಿ ಆರ್ಕ್ಟಿಕ್‌ನಿಂದ ಬಂದ ಸ್ಯಾಂಡರ್‌ಲಿಂಗ್ ಹಕ್ಕಿಗಳು ಹಿಂಡು ಕಟ್ಟಿ ಓಡುತ್ತವೆ. ನೀರು ಹಿಂದೆ ಸರಿದರೆ ಇವೂ ಓಡಿ ಕುಕ್ಕುತ್ತವೆ, ನೀರು ಬಂದರೆ ಹಿಂದಕ್ಕೆ ಓಡುತ್ತವೆ. ಎಷ್ಟೋ ಜನ ತಮ್ಮ ನಾಯಿ ಅವನ್ನು ಎಬ್ಬಿಸುವುದನ್ನು ಆಟವೆಂದು ನೋಡುತ್ತ ನಿಲ್ಲುತ್ತಾರೆ. ಅಷ್ಟು ದೂರ ಹಾರಿ ಬಂದು ಚಳಿಗಾಲ ಕಳೆಯುವ ಹಕ್ಕಿಗೆ ಒಂದೊಂದು ಹಾರಾಟವೂ ತಿಂದ ಅನ್ನ ಕಳೆದುಕೊಂಡಂತೆ. ಖಾಲಿ ಬೀಚು ನಾಯಿಯದೂ ಅಲ್ಲ, ನಮ್ಮದೂ ಅಲ್ಲ. ಹಗ್ಗ ಬಿಚ್ಚದಿರುವುದಕ್ಕೆ ನನಗೆ ಅದೂ ಒಂದು ಕಾರಣ.

ಸುಲಾಕ್‌ನಿಂದ ದಕ್ಷಿಣಕ್ಕೆ ಲಕನೋ ದಾಟಿ, ಆರ್ಕಶೋಂ ಸುತ್ತಿಕೊಂಡು ಹೋದರೆ ಪಿಲಾ ಮರಳುದಿಬ್ಬ. ನೂರು ಮೀಟರಿಗೂ ಎತ್ತರ, ಮೂರು ಕಿ.ಮೀ.ಗೆ ಹತ್ತಿರ ಉದ್ದ, ಯುರೋಪಿನಲ್ಲೇ ಎಲ್ಲಕ್ಕಿಂತ ಎತ್ತರದ್ದು. ವರ್ಷಕ್ಕೆ ಒಂದರಿಂದ ಐದು ಮೀಟರಿನವರೆಗೆ ಪೂರ್ವಕ್ಕೆ ಸರಿಯುತ್ತ ಹಿಂದಿನ ಕಾಡನ್ನು ನುಂಗುತ್ತಿದೆ. ಸೀಸನ್‌ನಲ್ಲಿ ಜೋಡಿಸುವ ಮೆಟ್ಟಿಲನ್ನು ಚಳಿಗಾಲಕ್ಕೆ ಕಳಚಿಡುತ್ತಾರೆ. ಆಗ ಮರಳಿನಲ್ಲಿ ಎರಡು ಹೆಜ್ಜೆ ಹತ್ತಿ ಒಂದು ಹೆಜ್ಜೆ ಜಾರುತ್ತಲೇ ಏರಬೇಕು. ಮೇಲೆ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಕಣ್ಣು ಮುಟ್ಟುವವರೆಗೆ ಪೈನ್ ಕಾಡು. 2022ರ ಜುಲೈಯ ಬೆಂಕಿಯಲ್ಲಿ ಆ ಕಾಡು ಸಾವಿರಾರು ಹೆಕ್ಟೇರ್ ಸುಟ್ಟಿತು. ದಿಬ್ಬದ ಬುಡದ ಕ್ಯಾಂಪ್‌ಸೈಟುಗಳೂ ಹೋದವು. ಈಗ ಕರಿಯ ನೆಲದಲ್ಲಿ ಜರೀಗಿಡ, ಪೈನ್ ಸಸಿ ಏಳುತ್ತಿವೆ. ನನಗೆ ಹೆಚ್ಚು ಹಿಡಿಸುವುದು ದಿಬ್ಬದ ಕಡಲ ಮಗ್ಗುಲು. ಅಲ್ಲಿ ಬಿಳಿ ಮರಳಿನ ನಡುನಡುವೆ ಕಪ್ಪು ಪಟ್ಟೆಗಳು ಕಾಣುತ್ತವೆ, ಒಂದರ ಮೇಲೊಂದು ಹೂತುಹೋದ ಹಳೆಯ ಕಾಡುಗಳ ನೆಲ. ಚುಕ್ಕಿ ಆ ಕಪ್ಪು ಪಟ್ಟೆಗೆ ಮೂಗಿಟ್ಟು ಬಹಳ ಹೊತ್ತು ನಿಂತಳು. ಸಾವಿರಾರು ವರ್ಷ ಹಿಂದಿನ ಎಲೆಗೊಬ್ಬರದ ವಾಸನೆ ಅವಳಿಗೆ ಸಿಕ್ಕಿತೇ ಎಂದು ಕೇಳಬೇಕೆನಿಸಿತು.

ಈಗ ಕಾಣುವ ಕಾಡು ಹಳೆಯದಲ್ಲ. ಇನ್ನೂರು ವರ್ಷದ ಹಿಂದೆ ಈ ಲಾಂದ್ ಸೀಮೆ ಎಂದರೆ ಜೌಗು, ಕುರಚಲು, ಕುರಿಮಂದೆ. ಕೆಸರಿನ ಮೇಲೆ ಓಡಾಡಲು ಕುರುಬರು ಮರಗಾಲು ಕಟ್ಟಿಕೊಳ್ಳುತ್ತಿದ್ದರು. ಮರಗಾಲಿನ ಮೇಲೇ ನಿಂತು ಉಣ್ಣೆ ಹೆಣೆಯುತ್ತಿದ್ದ ಅವರ ಹಳೆಯ ಚಿತ್ರಗಳು ಇಲ್ಲಿನ ಬೇಕರಿಗಳ ಗೋಡೆಯಲ್ಲೂ ನೇತಾಡುತ್ತವೆ. ಹಾರುವ ಮರಳನ್ನು ಹಿಡಿದು ನಿಲ್ಲಿಸಲು 18ನೇ ಶತಮಾನದ ಕೊನೆಯಲ್ಲಿ ಬ್ರೆಮೊಂತಿಯೆ ಎಂಬ ಇಂಜಿನಿಯರ್ ಹುಲ್ಲು, ಪೈನ್ ನೆಡಿಸತೊಡಗಿದ. 1857ರ ಕಾನೂನು ಊರೂರಿನ ಗೋಮಾಳದ ಜೌಗು ಬಸಿದು ಪೈನ್ ನೆಡಲೇಬೇಕೆಂದು ಕಟ್ಟುಮಾಡಿತು. ಹತ್ತು ಲಕ್ಷ ಹೆಕ್ಟೇರಿನ ಹತ್ತಿರ ಕಾಡು ಬಂತು, ಕುರುಬರು ಹೋದರು. ನಮ್ಮ ಕರಾವಳಿಯ ಗಾಳಿಮರದ ತೋಪುಗಳಲ್ಲಿ ಆಡಿ ಬೆಳೆದವನಿಗೆ ಈ ಕಾಡಿನ ಸದ್ದು ಪರಿಚಿತ. ಅದೇ ಸೂಜಿಯೆಲೆ, ಅದೇ ಗಾಳಿ, ಮರಳು ಕಟ್ಟಲೆಂದೇ ನೆಟ್ಟ ಅದೇ ಸಾಲು.

ನವೆಂಬರ್ ಮಧ್ಯದವರೆಗೆ ಈ ಕಾಡಿನಲ್ಲಿ ಕಾಡುಪಾರಿವಾಳದ ಬೇಟೆ. ಬೇಟೆಗಾರರು ಮರದ ಮೇಲೆ ಗುಡಿಸಲು ಕಟ್ಟಿ, ಕೆಳಗೆ ಜರೀಗಿಡ ಹೊದಿಸಿದ ಉದ್ದದ ಸುರಂಗಗಳಲ್ಲಿ ಓಡಾಡುತ್ತಾರೆ. ಅಪರಿಚಿತರು ದಾರಿ ತಪ್ಪಿ ಹತ್ತಿರ ಹೋದರೆ ಒಂದು ಸಿಳ್ಳೆ ಹಾಕಿ ಕಾಯಬೇಕು. ಒಳಗಿನಿಂದ ಮರುಸಿಳ್ಳೆ ಬಂದ ಮೇಲೆಯೇ ಹೆಜ್ಜೆ ಇಡಬೇಕು. ಒಮ್ಮೆ ಹೀಗೆ ಸಿಳ್ಳೆ ಹಾಕಿ ನಿಂತಿದ್ದಾಗ ಜರೀಗಿಡದ ಗೋಡೆಯಿಂದ ಮುದುಕರೊಬ್ಬರು ತಲೆ ಹೊರಹಾಕಿದರು. ಚುಕ್ಕಿಯನ್ನು ನೋಡಿ, “ನಮ್ಮ ಸೀಮೆಯ ಹುಡುಗಿ!” ಎಂದು ಕೆಳಗೆ ಕೂತೇಬಿಟ್ಟರು. ಅವಳು ಅವರ ಕೋಟಿನ ವಾಸನೆಗೆ ಮೈ ಬಿಗಿಹಿಡಿದು ನನ್ನ ಕಾಲಿಗೆ ಒತ್ತಿಕೊಂಡಳು. ಅವರಿಗೆ ಏನೋ ಹೊಳೆಯಿತು. ಕೈ ಮುಂದೆ ಚಾಚಿ, ಮುಟ್ಟದೆ, ಅವಳೇ ಬರಲಿ ಎಂದು ಕಾದರು. ಬಂದಳು, ಸ್ವಲ್ಪ ಹೊತ್ತಾದ ಮೇಲೆ.

ಬೇಟೆಗಿಂತ ನಾನು ಹೆದರುವುದು ಕಂಬಳಿಹುಳುವಿಗೆ. ಚಳಿಗಾಲದಲ್ಲಿ ಪೈನ್ ಕೊಂಬೆಗಳ ತುದಿಯಲ್ಲಿ ಬಿಳಿ ರೇಷ್ಮೆಯ ಗೂಡುಗಳು ಕಾಣುತ್ತವೆ. ಚಳಿಗಾಲದ ಕೊನೆಗೆ ಹುಳುಗಳು ಒಂದರ ಬಾಲಕ್ಕೆ ಒಂದು ತಲೆ ಹಚ್ಚಿ ಸಾಲಾಗಿ ಇಳಿದು ಮಣ್ಣು ಸೇರಲು ಹೊರಡುತ್ತವೆ. ನಾಯಿ ಆ ಸಾಲನ್ನು ಮೂಸಿದರೆ, ನೆಕ್ಕಿದರೆ, ರೋಮದ ವಿಷಕ್ಕೆ ನಾಲಿಗೆ ಬಾತು ಕೊಳೆತುಹೋಗಬಹುದು. ಕೂಡಲೇ ವೈದ್ಯರ ಹತ್ತಿರ ಓಡಬೇಕು. ಫೆಬ್ರುವರಿ, ಮಾರ್ಚಿನಲ್ಲಿ ಈ ಕಡೆ ಬಂದರೆ ನಾವು ಪೈನ್ ನೆರಳಿನಲ್ಲಿ ವ್ಯಾನ್ ನಿಲ್ಲಿಸುವುದೇ ಇಲ್ಲ. ನಾಯಿ ಕರೆದುಕೊಂಡು ಹೊರಡುವವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ.

ವ್ಯಾನಿನ ಬದುಕಿನ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಕ್ಯಾಂಪ್‌ಸೈಟುಗಳು ಬಹುಪಾಲು ಮುಚ್ಚಿರುತ್ತವೆ. ಪುರಸಭೆಗಳ ವ್ಯಾನ್ ತಂಗುದಾಣಗಳಲ್ಲಿ ಜಾಗ ಇರುತ್ತದೆ, ನೀರಿನ ನಲ್ಲಿಯನ್ನು ಮಾತ್ರ ಹಿಮಕ್ಕೆ ಒಡೆಯದಿರಲೆಂದು ಎಷ್ಟೋ ಕಡೆ ಬಂದ್ ಮಾಡಿರುತ್ತಾರೆ. ಬ್ಯೂಟೇನ್ ಗ್ಯಾಸು ಶೂನ್ಯದ ಹತ್ತಿರ ಆವಿಯಾಗುವುದು ನಿಲ್ಲುವುದರಿಂದ ಚಳಿಗಾಲಕ್ಕೆ ಪ್ರೊಪೇನ್ ಸಿಲಿಂಡರ್ ಬೇಕು. ಬೆಳಗಾಗುವುದು ತಡ, ಡಿಸೆಂಬರಿನಲ್ಲಂತೂ ಎಂಟೂವರೆ ದಾಟಿದರೂ ಸೂರ್ಯ ಕಾಣಿಸುವುದಿಲ್ಲ. ಒದ್ದೆ ನಾಯಿಯ ಉಸಿರಿಗೆ ಗಾಜಿನ ಮೇಲೆಲ್ಲ ಹನಿ. ಅವನ್ನು ಒರೆಸುತ್ತ ಕಾಫಿ ಕಾಯಿಸುವ ಆ ಅರ್ಧ ಗಂಟೆ ನನಗೆ ದಿನದ ಉಳಿದೆಲ್ಲ ಹೊತ್ತಿಗಿಂತ ಪ್ರಿಯ. ಒಮ್ಮೊಮ್ಮೆ ಆಗಲೇ ಮೇಲಿನಿಂದ ಕಹಳೆಯ ದನಿ ಕೇಳುತ್ತದೆ: ಉತ್ತರದಿಂದ ಕ್ರೌಂಚಗಳು ಬರುತ್ತಿರುತ್ತವೆ. ಕಲ್ಲಿದ್ದಲು ತೆಗೆದು ಬಿಟ್ಟ ಆರ್ಜುಜಾಂಕ್ಸ್ ಗಣಿಯಲ್ಲಿ ಈಗ ಕೆರೆಗಳಾಗಿವೆ; ಸಾವಿರಾರು ಕ್ರೌಂಚಗಳು ಚಳಿಗಾಲ ಕಳೆಯುವುದು ಅಲ್ಲಿ.

ಪಿಲಾದಿಂದ ಇನ್ನೂ ದಕ್ಷಿಣಕ್ಕೆ ಹೋದರೆ, ಬಿಸ್ಕರೋಸ್‌ನಿಂದ ಮಿಮಿಜಾಂವರೆಗೆ ಕರಾವಳಿ ಸೇನೆಯ ಕ್ಷಿಪಣಿ ಪರೀಕ್ಷೆಗೆ ಮೀಸಲು, ರಸ್ತೆ ಒಳಗಿಂದ ಬಳಸಿ ಹೋಗುತ್ತದೆ. ಮುಂದೆ ಕೊಂಟಿಸ್, ಕಪ್ಪು ಬಿಳಿ ಪಟ್ಟೆ ಸುತ್ತಿಕೊಂಡು ಏರುವ ದೀಪಸ್ತಂಭ. ಅದನ್ನೂ ದಾಟಿ ದಕ್ಷಿಣಕ್ಕೆ ಕಾಪ್‌ಬ್ರೆತೋಂ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಮರಳುದಿಬ್ಬದ ನೆತ್ತಿಯಲ್ಲಿ ಕಟ್ಟಿದ ಕಾಂಕ್ರೀಟ್ ಬಂಕರುಗಳು ಇಲ್ಲಿ ನೀರಿನಂಚಿನಲ್ಲಿ ಓರೆಯಾಗಿ ಬಿದ್ದಿವೆ. ಯಾರೂ ಅವನ್ನು ಉರುಳಿಸಲಿಲ್ಲ. ದಿಬ್ಬವೇ ಅವುಗಳ ಕೆಳಗಿನಿಂದ ಹಿಂದೆ ಸರಿಯಿತು. ಚುಕ್ಕಿ ಒಂದೊಂದು ಬಂಕರಿನ ಮೂಲೆಯನ್ನೂ ಮೂಸಿ, ಹಿಂದೆ ಬಂದ ನಾಯಿಗಳೆಲ್ಲ ಬಿಟ್ಟುಹೋದದ್ದನ್ನು ಓದಿಕೊಂಡು, ತನ್ನದನ್ನೂ ಸೇರಿಸಿದಳು.

ಕಾಪ್‌ಬ್ರೆತೋಂ ಲಾಂದ್ ಜಿಲ್ಲೆಯ ಒಂದೇ ಮೀನುಗಾರಿಕೆ ಬಂದರು. ದಡದಿಂದ ಕೆಲವು ನೂರು ಮೀಟರ್ ದೂರದಲ್ಲೇ ಕಡಲಡಿಯ ದೊಡ್ಡ ಕಂದಕ ಶುರುವಾಗುವುದರಿಂದ ಆಳದ ಮೀನು ಹತ್ತಿರದಲ್ಲೇ ಸಿಗುತ್ತದೆ. ನೆರೆಯ ಓಸ್ಗೋರ್‌ನಲ್ಲಿ ಅಷ್ಟೆತ್ತರದ ಅಲೆ ಏಳುವುದಕ್ಕೂ ಅದೇ ಕಂದಕ ಕಾರಣ. ಹಿಡಿದವರ ಮನೆಯವರೇ ದಕ್ಕೆಯ ಮೇಲೆ ಮೇಜು ಇಟ್ಟು ಮಾರುತ್ತಾರೆ. ನಾವು ಹೋದ ದಿನ ಎರಡೇ ಮೇಜು. ಒಂದರ ಮೇಲೆ ಪುಟ್ಟ ಪುಟ್ಟ ಬೊಂಡಾಸ, ಇನ್ನೂ ಮೈ ಬಣ್ಣ ಬದಲಿಸುತ್ತಿದ್ದವು. ಹೆಂಡತಿ ಒಂದು ಕಿಲೋ ಕೇಳಿದಳು. ಊರಿನಿಂದ ತಂದ ಮಸಾಲೆ ಪುಡಿ, ತೆಂಗಿನಹಾಲಿನ ಡಬ್ಬಿ ವ್ಯಾನಿನಲ್ಲಿದ್ದವು.

ಮಾರುವ ಹೆಂಗಸು ತೂಕ ಹಾಕುತ್ತ ನಾಯಿಯ ಹೆಸರು ಕೇಳಿದರು. ಹೇಳಿದೆವು. ಎರಡು ಸಲ ತಿರುಗಿಸಿ ಹೇಳಿ ಸರಿಮಾಡಿಕೊಂಡರು. ನಾಳೆ ಮೀನು ಸಿಗುತ್ತದೆಯೇ ಎಂದು ಕೇಳಿದ್ದಕ್ಕೆ ಬಂದರಿನ ಬಾಯಿಯ ಕಡೆ ಗಲ್ಲ ತೋರಿಸಿದರು. ಮೂರನೇ ನೆಪೋಲಿಯನ್ ಕಾಲದ ಮರದ ಕಟ್ಟೆಯ ಮೇಲಿಂದ ಅಲೆಯ ನೀರು ಸಿಡಿಯುತ್ತಿತ್ತು.

“ಇದು ಇಳಿಯದೆ ದೋಣಿ ಹೋಗೋದಿಲ್ಲ. ಗುರುವಾರ ಇರಬಹುದು.”

ನಾವು ಗುರುವಾರದವರೆಗೆ ಉಳಿದುಕೊಂಡೆವು.